ವೈಯಕ್ತಿಕ ಕಾರಣ: ಮೇಷ್ಟ್ರ ರಾಜೀನಾಮೆಯ ಎರಡು ಶತಮಾನ

1831ರ ಏಪ್ರಿಲ್ 25ರಂದು ಕಲ್ಕತ್ತೆಯ ಹಿಂದೂ ಕಾಲೇಜಿನ ಆಡಳಿತ ಸಮಿತಿಗೆ ಒಂದು ಪತ್ರ ಹೋಯಿತು. ಬರೆದವರು ಅಲ್ಲಿ ಇಂಗ್ಲಿಷ್ ಸಾಹಿತ್ಯ ಮತ್ತು ಇತಿಹಾಸ ಕಲಿಸುತ್ತಿದ್ದ ಹೆನ್ರಿ ಡಿರೋಜಿಯೊ. ಇಪ್ಪತ್ತೆರಡು ತುಂಬಿ ಆಗಷ್ಟೇ ಒಂದು ವಾರವಾಗಿತ್ತು. ಹದಿನೇಳನೇ ವಯಸ್ಸಿಗೇ ಕೆಲಸಕ್ಕೆ ಸೇರಿದ್ದ ಈ ಮೇಷ್ಟ್ರು ಹುಡುಗರಿಗೆ ಪ್ರಶ್ನೆ ಕೇಳುವುದನ್ನು ಕಲಿಸಿದ್ದರು. ಹುಡುಗರು ದೇವರು, ಜಾತಿ, ಮಡಿ ಎಲ್ಲವನ್ನೂ ಪ್ರಶ್ನಿಸತೊಡಗಿದಾಗ ಹೆತ್ತವರು ಮಕ್ಕಳನ್ನು ಕಾಲೇಜು ಬಿಡಿಸಲು ಶುರುಮಾಡಿದರು. ಸಮಿತಿ ಏಪ್ರಿಲ್ 23ರಂದು ಸಭೆ ಸೇರಿ ಇವರನ್ನು ಕಳುಹಿಸಿಬಿಡುವುದೇ ಕ್ಷೇಮವೆಂದು ತೀರ್ಮಾನಿಸಿತು. ಸಮಿತಿಯಲ್ಲಿದ್ದ ಸಂಸ್ಕೃತ ವಿದ್ವಾಂಸ ಎಚ್. ಎಚ್. ವಿಲ್ಸನ್ ಅವರಿಗೆ ಡಿರೋಜಿಯೊ ಮೇಲೆ ಅಭಿಮಾನವಿತ್ತು. ವಜಾ ಆಗುವ ಬದಲು ತಾವಾಗಿಯೇ ರಾಜೀನಾಮೆ ಕೊಡಿ ಎಂದು ಅವರು ಸಲಹೆ ಮಾಡಿದರು.

ಡಿರೋಜಿಯೊ ಕೊಟ್ಟರು. ಆದರೆ ವಿಲ್ಸನ್ ಬಯಸಿದ್ದಿರಬಹುದಾದ ಸದ್ದಿಲ್ಲದ ಕಾಗದ ಅದಾಗಿರಲಿಲ್ಲ. ತಮ್ಮ ಮೇಲೆ ಯಾವ ಆರೋಪವನ್ನೂ ಹೊರಿಸಿಲ್ಲ, ಹೊರಿಸಿದ್ದರೂ ತಮಗೆ ತಿಳಿಸಿಲ್ಲ, ದೂರಿದವರನ್ನು ಎದುರಿಸಲು ಕರೆದಿಲ್ಲ, ಒಬ್ಬ ಸಾಕ್ಷಿಯನ್ನೂ ವಿಚಾರಿಸಿಲ್ಲ. ತಾವು ಅಯೋಗ್ಯರೆಂದು ಸಮಿತಿಯ ಬಹುಮತಕ್ಕೆ ಅನ್ನಿಸದಿದ್ದರೂ ತೆಗೆದುಹಾಕಲು ನಿರ್ಧರಿಸಲಾಗಿದೆ. ಇಷ್ಟನ್ನೂ ಒಂದೊಂದಾಗಿ ಎಣಿಸಿ ಬರೆದರು. ರಾಜೀನಾಮೆ ಎಂಬ ಹೆಸರಿನಡಿ ನಡೆಯುತ್ತಿರುವುದು ವಜಾ ಎಂಬುದು ದಾಖಲೆಯಲ್ಲಿ ಉಳಿಯಲಿ ಎಂಬುದಷ್ಟೇ ಅವರ ಉದ್ದೇಶ. ಅದೇ ವರ್ಷದ ಡಿಸೆಂಬರ್ 26ರಂದು ಅವರು ಕಾಲರಾದಿಂದ ತೀರಿಕೊಂಡರು.

ಭಾರತದ ಮೇಷ್ಟ್ರ ರಾಜೀನಾಮೆಗಳಲ್ಲಿ ಹೆಸರಾದ ಮೊದಲನೆಯದೇ ಹೀಗೆ ಬೇರೆಯವರು ಬರೆಸಿದ್ದು. ಮುಂದಿನ ಕಥೆಯನ್ನು ಇದನ್ನು ನೆನಪಿಟ್ಟುಕೊಂಡೇ ಓದಬೇಕು.

ಇಪ್ಪತ್ತೇಳು ವರ್ಷದ ನಂತರ ಅದೇ ಊರಿನಲ್ಲಿ ಇನ್ನೊಂದು ಪತ್ರ. ಈಶ್ವರಚಂದ್ರ ವಿದ್ಯಾಸಾಗರರು ಆಗ ಸಂಸ್ಕೃತ ಕಾಲೇಜಿನ ಪ್ರಾಂಶುಪಾಲರು, ಜೊತೆಗೆ ಶಾಲೆಗಳ ವಿಶೇಷ ಇನ್‌ಸ್ಪೆಕ್ಟರ್. ಎರಡೂ ಹುದ್ದೆ ಸೇರಿ ತಿಂಗಳಿಗೆ 500 ರೂಪಾಯಿ, ಆ ಕಾಲಕ್ಕೆ ಭಾರಿ ಮೊತ್ತ. 1857ರ ನವೆಂಬರ್‌ನಿಂದ 1858ರ ಮೇ ತಿಂಗಳೊಳಗೆ ಅವರು ಬಂಗಾಳದ ಹಳ್ಳಿಗಳಲ್ಲಿ 35 ಹೆಣ್ಣುಮಕ್ಕಳ ಶಾಲೆ ತೆರೆದರು. ಸುಮಾರು 1,300 ಹುಡುಗಿಯರು ಸೇರಿಕೊಂಡರು. ಸರ್ಕಾರ ಬಾಯಿಮಾತಿನಲ್ಲಿ ಹೂಂ ಅಂದಿತ್ತು, ದುಡ್ಡು ಕೊಡುವ ಹೊತ್ತಿಗೆ ಕೈ ಎಳೆದುಕೊಂಡಿತು. ಶಿಕ್ಷಣ ಇಲಾಖೆಯ ನಿರ್ದೇಶಕ ಗಾರ್ಡನ್ ಯಂಗ್ ಅವರೊಂದಿಗೆ ಮೊದಲೇ ಸರಿಯಿರಲಿಲ್ಲ. 1858ರ ಆಗಸ್ಟ್ 5ರಂದು ವಿದ್ಯಾಸಾಗರರು ಯಂಗ್ ಅವರಿಗೇ ರಾಜೀನಾಮೆ ಬರೆದರು.

ಆ ಪತ್ರದ ಮೊದಲ ಕಾರಣ ಅನಾರೋಗ್ಯ. ಅಲ್ಲಿಗೆ ನಿಲ್ಲಿಸಿದ್ದರೆ ಯಾರಿಗೂ ತಕರಾರಿರಲಿಲ್ಲ. ಆದರೆ ಅವರು ಇನ್ನೂ ಎರಡು ಮಾತು ಸೇರಿಸಿದರು: ಈ ನೌಕರಿಯಲ್ಲಿ ಮುಂದೆ ಏಳಿಗೆಯ ದಾರಿ ಕಾಣುತ್ತಿಲ್ಲ, ಈಗಿನ ಶಿಕ್ಷಣ ವ್ಯವಸ್ಥೆಯ ಬಗ್ಗೆ ತಮ್ಮ ಮನಸ್ಸಿನಲ್ಲಿ ಸಹಾನುಭೂತಿ ಉಳಿದಿಲ್ಲ. ಲೆಫ್ಟಿನೆಂಟ್ ಗವರ್ನರ್ ಹ್ಯಾಲಿಡೇ ವಿದ್ಯಾಸಾಗರರಿಗೆ ಸ್ನೇಹಿತರೇ. ಆ ಸಾಲುಗಳನ್ನು ತೆಗೆದುಹಾಕಿ ಎಂದು ಅವರು ಕೇಳಿದರು, ವಿದ್ಯಾಸಾಗರರು ಒಪ್ಪಲಿಲ್ಲ. ಕೊನೆಗೆ ರಾಜೀನಾಮೆ ಅಂಗೀಕಾರವಾದಾಗ ಸರ್ಕಾರ ಅವರ ಸೇವೆಯನ್ನು ಮೆಚ್ಚಿ, ಹೊರಡುವ ರೀತಿಯಲ್ಲಿ ಮಾತ್ರ ಸೌಜನ್ಯ ಸಾಲದು ಎಂದು ಒಂದು ಚುಚ್ಚುಮಾತನ್ನೂ ಸೇರಿಸಿತು.

ಇವತ್ತು ಯಾವ ಖಾಸಗಿ ಶಾಲೆಯ ಕಚೇರಿಗೆ ಹೋದರೂ ಸಿಗುವ ಬುದ್ಧಿಮಾತು ಹ್ಯಾಲಿಡೇ ಅವತ್ತು ಹೇಳಿದ್ದೇ. ‘ಕಾರಣಗಿರಣ ಯಾಕೆ ಮೇಡಂ, ವೈಯಕ್ತಿಕ ಅಂತ ಬರೆದುಬಿಡಿ.’

ಪುಣೆಯ ಬಾಲಗಂಗಾಧರ ತಿಲಕರು ಈ ಮಾತಿಗೆ ಸೊಪ್ಪು ಹಾಕುವವರಲ್ಲ. 1880ರಲ್ಲಿ ಗೆಳೆಯರೊಡನೆ ನ್ಯೂ ಇಂಗ್ಲಿಷ್ ಸ್ಕೂಲ್, 1884ರಲ್ಲಿ ಡೆಕ್ಕನ್ ಎಜುಕೇಶನ್ ಸೊಸೈಟಿ, ಮರುವರ್ಷ ಫರ್ಗ್ಯುಸನ್ ಕಾಲೇಜು ಕಟ್ಟಿ, ಗಣಿತ ಕಲಿಸುತ್ತಿದ್ದವರು ಅವರು. ಸೊಸೈಟಿಯ ಆಜೀವ ಸದಸ್ಯರು ಅಲ್ಪ ಸಂಬಳಕ್ಕೆ ದುಡಿಯಬೇಕು, ಹೊರಗಿನ ಗಳಿಕೆಗೆ ಆಸೆಪಡಬಾರದು, ಪೂರ್ತಿ ಸಮಯ ಶಾಲೆಗೇ ಮೀಸಲು ಎಂಬುದು ತಿಲಕರ ನಿಲುವು. ಜೊತೆಗಿದ್ದ ಸದಸ್ಯರಾದ ಅಗರ್ಕರ್ ಮತ್ತು ಗೋಖಲೆ ಅಷ್ಟು ಬಿಗಿ ಬೇಡವೆಂದರು. 1890ರಲ್ಲಿ ಗೋಖಲೆಯವರು ‘ಸಾರ್ವಜನಿಕ ಸಭಾ’ ಎಂಬ ಪುಣೆಯ ಸಂಘಟನೆಯ ಕಾರ್ಯದರ್ಶಿಯಾದದ್ದೇ ಜಗಳ ಹೊತ್ತಿಕೊಳ್ಳಲು ಸಾಕಾಯಿತು. ಆ ವರ್ಷದ ಕೊನೆಯಲ್ಲಿ ತಿಲಕರು ರಾಜೀನಾಮೆ ಕೊಟ್ಟರು. ಡಿಸೆಂಬರ್‌ನಲ್ಲಿ ಅವರು ಕಾರಣಗಳನ್ನು ವಿವರಿಸಿ ಕೊಟ್ಟ ಹೇಳಿಕೆ ಅರ್ಜಿಯ ಅಳತೆಯನ್ನು ಮೀರಿ ಒಂದು ಸಂಸ್ಥೆಯ ಹತ್ತು ವರ್ಷದ ಚರಿತ್ರೆಯಷ್ಟು ಬೆಳೆದಿತ್ತು. ವಕೀಲಿಕೆ ಓದಿದವರ ಕೈಯಲ್ಲಿ ರಾಜೀನಾಮೆ ಪತ್ರ ಏನಾಗಬಹುದು ಎಂಬುದಕ್ಕೆ ಅದಕ್ಕಿಂತ ಉದಾಹರಣೆ ಬೇಡ.

ಆ ಆಜೀವ ಸದಸ್ಯತ್ವದ ಕಲ್ಪನೆ ಕೃಷ್ಣೆ ದಾಟಿ ನಮ್ಮ ಕಡೆಗೂ ಬಂತು. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ, ಸಪ್ತರ್ಷಿಗಳೆಂದೇ ಹೆಸರಾದ ಏಳು ಜನರ ಮೇಲೆ ಪುಣೆಯ ಪ್ರಭಾವವಿತ್ತು.

ಇಪ್ಪತ್ತನೇ ಶತಮಾನ ಶುರುವಾಗುವ ಹೊತ್ತಿಗೆ ಮೇಷ್ಟ್ರ ರಾಜೀನಾಮೆಯ ಲಕ್ಷ್ಯವೇ ಬದಲಾಯಿತು. ಅಲ್ಲಿಯವರೆಗೆ ಜಗಳ ಸಮಿತಿಯ ಜೊತೆ, ಇಲಾಖೆಯ ಜೊತೆ ಇತ್ತು. ಈಗ ಸರ್ಕಾರದ ಜೊತೆಯೇ. ಶಿರಸಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದ ಬನವಾಸಿಯ ಹುಡುಗ ಹರ್ಡೇಕರ್ ಮಂಜಪ್ಪ ಸ್ವದೇಶಿ ಚಳವಳಿಯ ಬಿಸಿಯಲ್ಲಿ ಕೆಲಸ ಬಿಟ್ಟು ದಾವಣಗೆರೆಗೆ ಬಂದು 1906ರಲ್ಲಿ ‘ಧನುರ್ಧಾರಿ’ ಪತ್ರಿಕೆ ಶುರುಮಾಡಿದರು. 1921ರ ಫೆಬ್ರುವರಿ 8ರಂದು ಗೋರಖಪುರದಲ್ಲಿ ಗಾಂಧಿ ಭಾಷಣ ಮಾಡಿದರು. ಕೇಳಲು ಬಂದವರಲ್ಲಿ ಅಲ್ಲಿನ ನಾರ್ಮಲ್ ಸ್ಕೂಲಿನ ಅಧ್ಯಾಪಕರೊಬ್ಬರಿದ್ದರು, ಧನಪತ್ ರಾಯ್ ಎಂದು ಹೆಸರು, ಓದುಗರಿಗೆ ಪ್ರೇಮಚಂದ್. ಎರಡು ದಶಕದ ಸರ್ಕಾರಿ ನೌಕರಿ, ಪಿಂಚಣಿಯ ಭರವಸೆ, ಆರೋಗ್ಯವೂ ನೆಟ್ಟಗಿಲ್ಲ. ಹೆಂಡತಿ ಶಿವರಾಣಿ ದೇವಿ ‘ಬಿಡಿ’ ಎಂದ ಮೇಲೆ, ಕೆಲವೇ ದಿನಗಳಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು.

ಕುಲಪತಿಗಳೂ ಬಿಟ್ಟರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪ್ರಾಂಶುಪಾಲರಾಗಿ, ನಂತರ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿ ಇಲ್ಲಿನವರಿಗೆ ಚಿರಪರಿಚಿತರಾಗಿದ್ದ ಸಿ. ಆರ್. ರೆಡ್ಡಿಯವರು ಆಂಧ್ರ ವಿಶ್ವವಿದ್ಯಾಲಯದ ಮೊದಲ ಕುಲಪತಿ. 1930ರಲ್ಲಿ ಸರ್ಕಾರದ ದಮನ ನೀತಿಯನ್ನು ಪ್ರತಿಭಟಿಸಿ ಅವರು ಹುದ್ದೆ ತೊರೆದರು. 1936ರಲ್ಲಿ ಅದೇ ಕುರ್ಚಿಗೆ ಮರಳಿ ಬಂದದ್ದು ಬೇರೆ ಮಾತು.

ಸ್ವಾತಂತ್ರ್ಯ ಬಂದ ಮೇಲೆ ಈ ಕಾಗದದ ಕಳೆ ಇಳಿಯಿತು. ಖಾಸಗಿ ಶಾಲೆಗಳು ಊರೂರಲ್ಲಿ ಹುಟ್ಟಿಕೊಂಡವು. ಶಿಕ್ಷಕರನ್ನು ವಜಾ ಮಾಡಬೇಕಾದರೆ ಆರೋಪಪಟ್ಟಿ, ವಿಚಾರಣೆ, ಉತ್ತರಕ್ಕೆ ಕಾಲಾವಕಾಶ ಎಲ್ಲವೂ ಬೇಕು ಎಂದು ಕಾನೂನು ಕಟ್ಟುನಿಟ್ಟಾದಷ್ಟೂ ಕೆಲವು ಆಡಳಿತ ಮಂಡಳಿಗಳಿಗೆ ಅಡ್ಡದಾರಿಯ ಮೇಲೆ ಪ್ರೀತಿ ಹೆಚ್ಚಿತು. ಕೆಲಸಕ್ಕೆ ಸೇರುವ ದಿನವೇ ಖಾಲಿ ಹಾಳೆಗೆ, ಇಲ್ಲವೆ ದಿನಾಂಕವಿಲ್ಲದ ರಾಜೀನಾಮೆಗೆ ಸಹಿ ಹಾಕಿಸಿಕೊಂಡು ಬೀರುವಿನಲ್ಲಿಟ್ಟರಾಯಿತು. ಬೇಡವೆನಿಸಿದ ದಿನ ತಾರೀಖು ತುಂಬಿದರೆ ಮೇಷ್ಟ್ರು ತಾವಾಗಿಯೇ ಬಿಟ್ಟಂತೆ! ವಿಲ್ಸನ್ ಸಾಹೇಬರು ಮರ್ಯಾದೆ ಉಳಿಸಲೆಂದು ಹೇಳಿಕೊಟ್ಟ ಉಪಾಯ ಇಲ್ಲಿಗೆ ಬಂದು ಮುಟ್ಟಿತು.

ಇದಕ್ಕೆ ಮದ್ದು ಹುಡುಕಿದ್ದು ಮಹಾರಾಷ್ಟ್ರ. ಖಾಸಗಿ ಶಾಲಾ ನೌಕರರ ಸೇವೆಗೆ ಸಂಬಂಧಿಸಿ ಅಲ್ಲಿ 1977ರಲ್ಲಿ ಬಂದ ಕಾಯ್ದೆಯ ಏಳನೇ ಕಲಮು ಓದಲು ಬಲು ಸರಳ: ರಾಜೀನಾಮೆ ಪತ್ರವನ್ನು ಎರಡು ಪ್ರತಿ ಮಾಡಬೇಕು, ಎರಡಕ್ಕೂ ಸಹಿ ಹಾಕಿ ದಿನಾಂಕ ಬರೆಯಬೇಕು, ಒಂದನ್ನು ಆಡಳಿತ ಮಂಡಳಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಬೇಕು, ಇನ್ನೊಂದನ್ನು ತನ್ನ ಬಳಿಯೇ ಇಟ್ಟುಕೊಳ್ಳಬೇಕು. ಶಾಲೆಯ ಪಕ್ಕದ ಕೋಣೆಯಲ್ಲಿ ಕೂತ ಕಾರ್ಯದರ್ಶಿಗೆ ಕೊಡಬೇಕಾದ ಕಾಗದವನ್ನು ಅಂಚೆ ಕಚೇರಿಯ ಮೂಲಕ ಯಾಕೆ ಸುತ್ತಿಸಬೇಕು ಎನ್ನಿಸಬಹುದು. ಅಂಚೆಯ ಮುದ್ರೆಯಲ್ಲಿ ದಿನಾಂಕವಿರುತ್ತದಲ್ಲ, ಬೀರುವಿನಲ್ಲಿ ಕೂತ ಹಾಳೆಗೆ ಅದಿಲ್ಲ. ಅನುಮಾನದಿಂದ ಹುಟ್ಟಿದ ಕಾನೂನುಗಳಲ್ಲಿ ಇಷ್ಟು ಚೊಕ್ಕವಾದದ್ದು ಕಡಿಮೆ.

ಕರ್ನಾಟಕದಲ್ಲಿ ಖಾಸಗಿ ಶಿಕ್ಷಣ ಸಂಸ್ಥೆಗಳ ಶಿಸ್ತು ಮತ್ತು ನಿಯಂತ್ರಣಕ್ಕೆ 1975ರಲ್ಲೇ ಒಂದು ಕಾಯ್ದೆ ಬಂತು. 1983ರ ಶಿಕ್ಷಣ ಕಾಯ್ದೆ ಹನ್ನೆರಡು ವರ್ಷ ಕಾದು 1995ರಲ್ಲಿ ಜಾರಿಯಾಯಿತು. ಅನ್ಯಾಯವಾಗಿ ತೆಗೆದುಹಾಕಿದರೆಂದು ದೂರುವ ಶಿಕ್ಷಕರಿಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿ ಇದೆ. ಕಾರ್ಮಿಕ ನ್ಯಾಯಾಲಯದ ಬಾಗಿಲು ಮಾತ್ರ ಅವರಿಗೆ ಮುಚ್ಚಿಹೋಯಿತು. ಕಲಿಸುವುದು ಕೈಕೆಲಸವೂ ಅಲ್ಲ, ಗುಮಾಸ್ತಿಕೆಯೂ ಅಲ್ಲ, ಆದ್ದರಿಂದ ಶಿಕ್ಷಕರು ಆಗಿನ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂದು ಗೋವಾದ ಶಾಲಾ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1988ರಲ್ಲಿ ಹೇಳಿತು. ಗೌರವ ಕೊಟ್ಟಂತೆಯೂ ಆಯಿತು, ರಕ್ಷಣೆ ಕಿತ್ತುಕೊಂಡಂತೆಯೂ ಆಯಿತು.

ಸರ್ಕಾರಿ ಶಾಲೆಯ ಮೇಷ್ಟ್ರ ಲೆಕ್ಕವೇ ಬೇರೆ. ಸೇವಾ ನಿಯಮದ ಪ್ರಕಾರ ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯೆಲ್ಲ ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದಂತೆ. ಪಿಂಚಣಿಗೆ ಅದು ಲೆಕ್ಕಕ್ಕಿಲ್ಲ. ಇನ್ನೊಂದು ಸರ್ಕಾರಿ ಹುದ್ದೆಗೆ ಅನುಮತಿ ಪಡೆದು ಹೋಗುವುದಾದರೆ ಮಾತ್ರ ವಿನಾಯಿತಿ. ಹಾಗಾಗಿ ಬಹಳ ವರ್ಷ ದುಡಿದವರು ಸ್ವಯಂ ನಿವೃತ್ತಿಗೆ ಅರ್ಜಿ ಹಾಕುತ್ತಾರೆಯೇ ಹೊರತು ರಾಜೀನಾಮೆ ಬರೆಯುವುದಿಲ್ಲ. ಬರೆದರೂ ಅದು ಮುಖ್ಯೋಪಾಧ್ಯಾಯರ ಮೂಲಕ, ಬಿಇಒ ಕಚೇರಿ ಹಾದು, ಮೇಲಿನವರ ಮೇಜಿಗೆ ಹೋಗಬೇಕು. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂಬ ಒಕ್ಕಣೆ ಆ ದಾರಿಯಲ್ಲಿ ಹುಟ್ಟಿದ್ದು. ಅಂಗೀಕಾರದ ಆದೇಶ ಬರುವವರೆಗೆ ಪಾಠ ನಡೆಯಲೇಬೇಕು.

ಕೊಟ್ಟದ್ದನ್ನು ವಾಪಸು ಪಡೆಯಬಹುದೇ? ಈ ಪ್ರಶ್ನೆಗೆ ಉತ್ತರ ಬಂದದ್ದು ಒಬ್ಬ ನ್ಯಾಯಮೂರ್ತಿಯಿಂದ. ಅಲಹಾಬಾದ್ ಹೈಕೋರ್ಟಿನ ಸತೀಶ್ ಚಂದ್ರ 1977ರ ಮೇ ತಿಂಗಳಲ್ಲಿ, ಆಗಸ್ಟ್ 1ರಿಂದ ತಾವು ರಾಜೀನಾಮೆ ಕೊಡುವುದಾಗಿ ರಾಷ್ಟ್ರಪತಿಗೆ ಬರೆದು, ಜುಲೈನಲ್ಲಿ ಮನಸ್ಸು ಬದಲಿಸಿದರು. ಮುಂದಿನ ತಾರೀಖು ಹಾಕಿ ಕೊಟ್ಟ ರಾಜೀನಾಮೆಯನ್ನು ಅದು ಜಾರಿಗೆ ಬರುವ ಮೊದಲು ಹಿಂತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 1978ರಲ್ಲಿ ತೀರ್ಪಿತ್ತಿತು. ಇನ್ನೊಂದು ಪ್ರಕರಣ ಅದೇ ಊರಿನ ಆಸ್ಪತ್ರೆಯ ಅರಿವಳಿಕೆ ವೈದ್ಯೆಯದು. ಅಮಾನತಿನ ಸಿಟ್ಟಿನಲ್ಲಿ, ರಾಜೀನಾಮೆಯಲ್ಲದೆ ನನಗೆ ಬೇರೆ ದಾರಿಯಿಲ್ಲ ಎಂಬರ್ಥದಲ್ಲಿ ಅವರು ಬರೆದಿದ್ದರು. ಆಸ್ಪತ್ರೆ ತಟ್ಟನೆ ಒಪ್ಪಿಕೊಂಡಿತು. ಇದು ನೊಂದ ಮನಸ್ಸಿನ ಮಾತೇ ಹೊರತು ರಾಜೀನಾಮೆಯಲ್ಲ ಎಂದು ನ್ಯಾಯಾಲಯ ಹೇಳಿತು. ಸ್ಟಾಫ್ ಮೀಟಿಂಗಿನಿಂದ ಎದ್ದುಬಂದು ಸಿಟ್ಟಿನಲ್ಲಿ ಎರಡು ಸಾಲು ಗೀಚಿ ಕೊಟ್ಟ ಎಷ್ಟೋ ಮೇಷ್ಟ್ರುಗಳಿಗೆ ಈ ತೀರ್ಪು ಗೊತ್ತಿದ್ದರೆ ಚೆನ್ನಾಗಿತ್ತು.

ರಾಜೀನಾಮೆ ಯಾವಾಗ ಕೊಡಬೇಕು ಎಂಬುದನ್ನು ಇಂಗ್ಲೆಂಡಿನವರು ಪಂಚಾಂಗದಂತೆ ಗೊತ್ತುಮಾಡಿಟ್ಟಿದ್ದಾರೆ. ಅಲ್ಲಿನ ಶಿಕ್ಷಕರ ಸೇವಾ ಷರತ್ತುಗಳ ಪುಸ್ತಕಕ್ಕೆ ರಟ್ಟಿನ ಬಣ್ಣದಿಂದ ಬರ್ಗಂಡಿ ಬುಕ್ ಎಂಬ ಹೆಸರು. ಡಿಸೆಂಬರ್ ಕೊನೆಗೆ ಬಿಡುವವರು ಅಕ್ಟೋಬರ್ 31ರೊಳಗೆ, ಆಗಸ್ಟ್ ಕೊನೆಗೆ ಬಿಡುವವರು ಮೇ 31ರೊಳಗೆ ತಿಳಿಸಬೇಕು. ಮಕ್ಕಳ ಪಾಠ ನಡುವೆ ಕಡಿಯಬಾರದು ಎಂಬುದು ಅದರ ಹಿಂದಿನ ಲೆಕ್ಕ.

ಇಷ್ಟೆಲ್ಲ ನಿಯಮಗಳ ನಡುವೆ 2015ರ ಏಪ್ರಿಲ್‌ನಲ್ಲಿ ಚೀನಾದ ಝೆಂಗ್‌ಝೌ ನಗರದ ಒಬ್ಬ ಶಾಲಾ ಶಿಕ್ಷಕಿ ಹತ್ತೇ ಅಕ್ಷರದ ರಾಜೀನಾಮೆ ಬರೆದರು. ಜಗತ್ತು ಅಷ್ಟೊಂದು ದೊಡ್ಡದಿದೆ, ನೋಡಿ ಬರಬೇಕೆನಿಸಿದೆ ಎಂಬುದೇ ಪತ್ರದ ಪೂರ್ತಿ ಸಾರ. ಹನ್ನೊಂದು ವರ್ಷ ಮನಶ್ಶಾಸ್ತ್ರ ಕಲಿಸಿದ್ದವರು ಅವರು. ಪತ್ರದ ಚಿತ್ರ ಚೀನಾದ ತುಂಬ ಹರಿದಾಡಿತು, ಅಂಗಡಿಯವರು ಅದೇ ಮಾತನ್ನು ಜಾಹೀರಾತಿಗೆ ಬಳಸಿಕೊಂಡರು.

ನಮ್ಮ ಖಾಸಗಿ ಶಾಲೆಯ ಶಿಕ್ಷಕಿ ಅಂಥದ್ದನ್ನು ಬರೆಯಲು ಹೆದರುವುದಕ್ಕೆ ಕಾರಣವಿದೆ. ಮುಂದಿನ ಶಾಲೆಯವರು ಅನುಭವ ಪತ್ರ ಕೇಳುತ್ತಾರೆ, ಅದನ್ನು ಕೊಡಬೇಕಾದವರು ಈ ಶಾಲೆಯವರೇ. ಬೇಬಾಕಿ ಪತ್ರ ಆಗಬೇಕು, ಅಂಕಗಳ ರಿಜಿಸ್ಟರ್ ಒಪ್ಪಿಸಬೇಕು, ಕೆಲವು ಕಡೆ ಸೇರುವಾಗ ಇರಿಸಿಕೊಂಡ ಮೂಲ ಅಂಕಪಟ್ಟಿಯೂ ವಾಪಸಾಗಬೇಕು. ಇಷ್ಟೂ ಕೈಸೇರುವವರೆಗೆ ಯಾರು ತಾನೆ ಕಾರಣ ಬರೆದಾರು? ವಿದ್ಯಾಸಾಗರರ ಧೈರ್ಯಕ್ಕೆ ಬೆನ್ನ ಹಿಂದೆ ಅವರದೇ ಪುಸ್ತಕಗಳ ಗಳಿಕೆಯಿತ್ತು ಎಂಬುದನ್ನು ಮರೆಯಬಾರದು.

ಗ್ರಾಚ್ಯುಟಿಯ ಮಾತೂ ಇದೆ. ಶಿಕ್ಷಕರು ಅದಕ್ಕೆ ಅರ್ಹರಲ್ಲ ಎಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2009ರಲ್ಲಿ ಸಂಸತ್ತು ಕಾಯ್ದೆಯನ್ನು ತಿದ್ದಿ, 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ ಮಾಡಿತು. ಖಾಸಗಿ ಶಾಲೆಗಳು ಮತ್ತೆ ಕೋರ್ಟಿಗೆ ಹೋಗಿ 2022ರಲ್ಲಿ ಸೋತವು. ರಾಜೀನಾಮೆ ಕೊಟ್ಟು ಹೋಗುವ ಕಾಯಂ ಶಿಕ್ಷಕರಿಗೆ ಆ ಹಣ ಸಿಗಲು ಐದು ವರ್ಷದ ಸತತ ಸೇವೆ ಬೇಕು. ಆದ್ದರಿಂದ ಪತ್ರದ ಕರಡು ಹಿಡಿದು ಬಂದ ಕಿರಿಯರನ್ನು ಸ್ಟಾಫ್ ರೂಮಿನ ಹಿರಿಯರು ಯಾಕೆ ಬಿಡುತ್ತೀರಿ ಎಂದು ಕೇಳುವುದು ಆಮೇಲೆ. ‘ಜಾಯಿನಿಂಗ್ ಡೇಟ್ ಯಾವತ್ತು, ಮೊದಲು ಅದು ಹೇಳಿ’ ಎನ್ನುತ್ತಾರೆ.