ಹುಟ್ಟುಗುಣವೂ ಕಲಿತ ಗುಣವೂ

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯನ್ನು ಕನ್ನಡನಾಡಿನಲ್ಲಿ ಕೇಳದವರಿಲ್ಲ. ಮಗ ತಂದೆಯಂತೆ ನಡೆದರೆ, ಮಗಳು ತಾಯಿಯಂತೆ ನುಡಿದರೆ, ‘ಅದು ರಕ್ತದಲ್ಲೇ ಬಂದದ್ದು’ ಎಂದು ಹಿರಿಯರು ತೀರ್ಪು ಕೊಟ್ಟುಬಿಡುತ್ತಾರೆ. ತೀರ್ಪು ಕೊಡುವುದು ಸುಲಭ. ಆದರೆ ಅದು ಎಷ್ಟರ ಮಟ್ಟಿಗೆ ನಿಜ? ತಂದೆತಾಯಿಗಳಿಂದ ಮಗುವಿಗೆ ಗುಣಗಳು ಎರಡು ದಾರಿಗಳಲ್ಲಿ ಬರುತ್ತವೆ. ಹುಟ್ಟುವ ಮೊದಲೇ ದೇಹದ ಮೂಲಕ ಬರುವ ದಾರಿ ಒಂದು. ಹುಟ್ಟಿದ ಮೇಲೆ ಕಣ್ಣು, ಕಿವಿ, ಕೈಗಳ ಮೂಲಕ ಬರುವ ದಾರಿ ಇನ್ನೊಂದು. ಮೊದಲನೆಯದರಿಂದ ಬಂದುದು ಆನುವಂಶಿಕ ಗುಣ, ಎರಡನೆಯದರಿಂದ ಬಂದುದು ಕಲಿತ ನಡವಳಿಕೆ. ಎರಡೂ ಒಂದೇ ಮನೆಯಿಂದ, ಒಂದೇ ಜನರಿಂದ ಬರುವುದರಿಂದ ಯಾವುದು ಯಾವುದೆಂಬುದು ಮೇಲ್ನೋಟಕ್ಕೆ ತಿಳಿಯುವುದಿಲ್ಲ.

ಇವೆರಡನ್ನೂ ಬೇರ್ಪಡಿಸಿ ನೋಡಬೇಕಾದರೆ ಹೆತ್ತವರು ಬೇರೆ, ಸಾಕಿದವರು ಬೇರೆ ಆಗಿರಬೇಕು. ಅಂಥ ಸಂದರ್ಭವನ್ನು ಹಳ್ಳಿಯ ಕೋಳಿಗೂಡಿನಲ್ಲಿಯೇ ಕಾಣಬಹುದು. ಕಾವಿಗೆ ಕುಳಿತ ಹೇಂಟೆಯ ಅಡಿಯಲ್ಲಿ ಬಾತುಕೋಳಿಯ ಮೊಟ್ಟೆಗಳನ್ನಿಟ್ಟು ಮರಿ ಮಾಡಿಸುವ ಪದ್ಧತಿ ಉಂಟು. ಕೋಳಿಯ ಮೊಟ್ಟೆಗೆ 21 ದಿನಗಳ ಕಾವು ಸಾಕು. ಬಾತಿನ ಮೊಟ್ಟೆಗೆ 28 ದಿನಗಳು ಬೇಕು. ಹೇಂಟೆ ಒಂದು ವಾರ ಹೆಚ್ಚಾಗಿಯೇ ಕುಳಿತು, ಹೊರಬಂದ ಮರಿಗಳನ್ನು ತನ್ನವೆಂದೇ ಬಗೆದು ಕರೆದೊಯ್ಯುತ್ತದೆ. ಅದು ತಿಪ್ಪೆ ಕೆದಕಿ ಕೂಗಿದರೆ ಮರಿಗಳು ಓಡಿ ಬರುತ್ತವೆ. ಆದರೆ ದಾರಿಯಲ್ಲಿ ಹೊಂಡವೊಂದು ಎದುರಾದರೆ ಸಾಕು, ಮರಿಗಳು ಒಂದರ ಹಿಂದೊಂದು ನೀರಿಗಿಳಿದು ಈಜತೊಡಗುತ್ತವೆ. ಹೇಂಟೆ ದಡದ ಮೇಲೆ ಅತ್ತಿಂದಿತ್ತ ಓಡಾಡಿ ಕೂಗಿಕೊಳ್ಳುತ್ತದೆ. ಪಾಪ, ಅದಕ್ಕೆ ಈಜು ತಿಳಿಯದು. ಕಲಿಸಿದವರೂ ಯಾರೂ ಇಲ್ಲ. ಬೆರಳುಗಳ ನಡುವಣ ಪೊರೆ, ನೀರಿನ ಸೆಳೆತ, ಕಾಲಿನಿಂದ ನೀರನ್ನು ಹಿಂದಕ್ಕೆ ತಳ್ಳುವ ಬಗೆ, ಇವೆಲ್ಲವೂ ಮೊಟ್ಟೆಯೊಳಗೇ ಸಿದ್ಧವಾಗಿ ಬಂದವು.

ಇದೇ ಮರಿಗಳು ಹೇಂಟೆಯನ್ನು ತಾಯಿಯೆಂದು ಹಿಂಬಾಲಿಸುತ್ತವಲ್ಲ, ಅದು ಮಾತ್ರ ಹುಟ್ಟಿನಿಂದ ಬಂದದ್ದಲ್ಲ. ಹಾಗಿದ್ದರೆ ಅವು ಬಾತನ್ನೇ ಅರಸಿ ಹೋಗಬೇಕಿತ್ತು. ಮೊಟ್ಟೆಯಿಂದ ಹೊರಬಂದ ಮೊದಲ ಗಂಟೆಗಳಲ್ಲಿ ಕಣ್ಣೆದುರು ಚಲಿಸಿದುದನ್ನು ಅವು ತಾಯಿಯೆಂದು ಕಲಿತುಕೊಳ್ಳುತ್ತವೆ. ಆಸ್ಟ್ರಿಯಾ ದೇಶದ ವಿಜ್ಞಾನಿ ಕೊನ್ರಾಡ್ ಲೊರೆಂಝ್ 1935ರಲ್ಲಿ ಈ ವಿಷಯವನ್ನು ವಿವರವಾಗಿ ಬರೆದನು. ಅವನೇ ಸಾಕಿದ ಹೆಬ್ಬಾತಿನ ಮರಿಗಳು ಅವನನ್ನೇ ತಾಯಿಯೆಂದು ನಂಬಿ ಬೆನ್ನಹಿಂದೆ ಸಾಲಾಗಿ ನಡೆಯುತ್ತಿದ್ದವು. 1973ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಮೂವರಲ್ಲಿ ಅವನೂ ಒಬ್ಬನು. ಯಾರನ್ನಾದರೂ ಹಿಂಬಾಲಿಸಬೇಕೆಂಬ ತುಡಿತ ಹುಟ್ಟಿನದು. ಯಾರನ್ನು ಎಂಬುದು ಕಲಿಕೆಯದು. ಒಂದೇ ಮರಿಯಲ್ಲಿ, ಒಂದೇ ನಡೆಯಲ್ಲಿ, ಎರಡೂ ಹೀಗೆ ಹೆಣೆದುಕೊಂಡಿವೆ.

ಕಾಗೆಯ ಗೂಡಿನಲ್ಲಿ ಬೆಳೆದ ಕೋಗಿಲೆಯನ್ನು ಕವಿಗಳು ‘ಪರಪುಷ್ಟ’ ಎಂದು ಕರೆದಿದ್ದಾರೆ. ಪರರ ಮನೆಯಲ್ಲಿ ಬೆಳೆದರೂ ಅದು ‘ಕಾ ಕಾ’ ಎನ್ನದೆ ‘ಕುಹೂ’ ಎನ್ನುತ್ತದೆ. ಇದರಿಂದ ಹಕ್ಕಿಗಳ ದನಿಯೆಲ್ಲ ಹುಟ್ಟಿನಿಂದಲೇ ಬರುತ್ತದೆಂದು ಹೇಳಬಹುದೆ? ಹಾಗೆ ಅವಸರಪಡಲಾಗದು. ಇಂಗ್ಲೆಂಡಿನಲ್ಲಿ ಚಾಫಿಂಚ್ ಎಂಬ, ಗುಬ್ಬಚ್ಚಿಯಷ್ಟು ದೊಡ್ಡದಾದ ಹಾಡುಹಕ್ಕಿಯೊಂದಿದೆ. 1950ರ ದಶಕದಲ್ಲಿ ಕೇಂಬ್ರಿಜ್ಜಿನ ವಿಲಿಯಂ ಥಾರ್ಪ್ ಎಂಬ ವಿದ್ವಾಂಸನು ಇದರ ಮರಿಗಳನ್ನು ತನ್ನ ಜಾತಿಯ ಹಾಡು ಕಿವಿಗೆ ಬೀಳದಂತೆ ಬೇರೆಯಾಗಿ ಬೆಳೆಸಿದನು. ಪ್ರಾಯಕ್ಕೆ ಬಂದಾಗ ಅವು ಹಾಡಿದವು. ಹಾಡಿನ ಉದ್ದವೂ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ಆದರೆ ಕೊನೆಯ ಕೊಂಕು, ಬಳುಕು, ಅಲಂಕಾರ ಯಾವುದೂ ಇರಲಿಲ್ಲ. ಹಾಡಬೇಕೆಂಬ ಬಯಕೆಯನ್ನು ವಂಶ ಕೊಟ್ಟಿತ್ತು; ಹಾಡನ್ನು ಪೂರ್ಣವಾಗಿ ಕೊಡಲು ಹಿರಿಯ ಹಕ್ಕಿಯೊಂದು ಹತ್ತಿರದಲ್ಲಿರಬೇಕಾಗಿತ್ತು.

ಕಲಿತದ್ದು, ಗಳಿಸಿದ್ದು ಮುಂದಿನ ಪೀಳಿಗೆಯ ದೇಹಕ್ಕೆ ಇಳಿಯುತ್ತದೆಯೆ ಎಂಬ ಪ್ರಶ್ನೆಯೂ ಹಳೆಯದೇ. ಜರ್ಮನಿಯ ಆಗಸ್ಟ್ ವೈಸ್‌ಮನ್ 1880ರ ದಶಕದಲ್ಲಿ ಐದು ತಲೆಮಾರುಗಳವರೆಗೆ ಇಲಿಗಳ ಬಾಲವನ್ನು ಕತ್ತರಿಸುತ್ತ ಬಂದನು. ಹುಟ್ಟಿದ 901 ಮರಿಗಳಲ್ಲಿ ಒಂದಕ್ಕೂ ಬಾಲ ಮೊಟಕಾಗಿರಲಿಲ್ಲ. ಇದಕ್ಕಾಗಿ ಇಲಿಗಳನ್ನು ಅಷ್ಟು ನೋಯಿಸಬೇಕಾಗಿರಲಿಲ್ಲವೇನೋ! ನಮ್ಮ ನಾಡಿನಲ್ಲಿ ನೂರಾರು ತಲೆಮಾರುಗಳಿಂದ ಮಕ್ಕಳಿಗೆ ಕಿವಿ ಚುಚ್ಚುತ್ತ ಬಂದಿದ್ದಾರೆ. ಇಂದಿಗೂ ಮಗು ತೂತಿಲ್ಲದ ಕಿವಿಯೊಡನೆಯೇ ಹುಟ್ಟುತ್ತದೆ.

ಮನುಷ್ಯನ ವಿಷಯಕ್ಕೆ ಬಂದರೆ ಕಲಿಕೆಯ ಪಾಲು ಬಹಳ ಹಿರಿದು. ತಾಯಿಯಿಂದ 23, ತಂದೆಯಿಂದ 23, ಒಟ್ಟು 46 ವರ್ಣತಂತುಗಳು ಮಗುವಿಗೆ ದೊರೆಯುತ್ತವೆ. ಕಣ್ಣಿನ ಬಣ್ಣ, ರಕ್ತದ ಗುಂಪು ಮೊದಲಾದವುಗಳನ್ನು ನಿರ್ಧರಿಸುವ ಜೀನುಗಳು ಇವುಗಳಲ್ಲಿವೆ. ಎಳೆಗೂಸಿಗೆ ಅಳುವುದನ್ನಾಗಲಿ ಮೊಲೆಹಾಲು ಚೀಪುವುದನ್ನಾಗಲಿ ಯಾರೂ ಕಲಿಸುವುದಿಲ್ಲ. ಆದರೆ ಕನ್ನಡವನ್ನು ಹೊತ್ತ ಜೀನು ಎಂಬುದಿಲ್ಲ. ಕನ್ನಡಿಗರ ಕೂಸು ತಮಿಳರ ಮನೆಯಲ್ಲಿ ಬೆಳೆದರೆ ತಮಿಳನ್ನೇ ತೊದಲುತ್ತದೆ. ಹಾಗೆಂದು ಮನುಷ್ಯರ ನಡುವೆ ಬೆಳೆದ ಪ್ರಾಣಿಗಳೆಲ್ಲ ಮಾತು ಕಲಿಯುವುದಿಲ್ಲ. 1931ರಲ್ಲಿ ಅಮೆರಿಕದ ಕೆಲಾಗ್ ದಂಪತಿಗಳು ಗುವಾ ಎಂಬ ಚಿಂಪಾಂಜಿ ಮರಿಯನ್ನು ತಮ್ಮ ಮಗನೊಡನೆ ಒಡಹುಟ್ಟಿದವಳಂತೆ ಒಂಬತ್ತು ತಿಂಗಳು ಬೆಳೆಸಿದರು. ಗುವಾ ಚಮಚದಿಂದ ತಿನ್ನುವುದನ್ನು ಕಲಿತಳು, ಮಾತನ್ನು ಮಾತ್ರ ಕಲಿಯಲಿಲ್ಲ. ಬದಲಿಗೆ ಮಗನೇ ಅವಳಂತೆ ಗುರುಗುಟ್ಟುವುದನ್ನು ಕಲಿತನು! ಮಾತು ಕಲಿಯುವ ಶಕ್ತಿ ಮನುಷ್ಯನ ಹುಟ್ಟಿನ ಸೊತ್ತು. ಮಾತು ಮಾತ್ರ ಸಾಕಿದವರ ಸೊತ್ತು.

ಕಸುಬಿನ ವಿಚಾರದಲ್ಲಿ ಜನರು ಹೆಚ್ಚಾಗಿ ಎಡವುತ್ತಾರೆ. ನೇಕಾರರ ಮಗುವಿನ ಕೈಚಳಕವನ್ನು ಕಂಡವರು ಅದು ಕುಲದ ಗುಣವೆನ್ನುತ್ತಾರೆ. ಆ ಮಗು ತೊಟ್ಟಿಲಿನಲ್ಲಿದ್ದಾಗಲೇ ಲಾಳಿಯ ಸದ್ದನ್ನು ಕೇಳಿತ್ತು, ಓದು ಬರುವ ಮೊದಲೇ ಕಂಡಿಕೆ ಸುತ್ತಿತ್ತು ಎಂಬುದನ್ನು ಮರೆಯುತ್ತಾರೆ. ಇದು ಬರಿಯ ಮಾತಿನ ತಪ್ಪಾಗಿ ಉಳಿದಿದ್ದರೆ ಚಿಂತೆಯಿರಲಿಲ್ಲ. ಒಮ್ಮೆ ಅದು ಕಾನೂನೇ ಆಯಿತು. ಭಾರತದಲ್ಲಿ ಕಸುಬುಗಳು ತಂದೆಯಿಂದ ಮಗನಿಗೆ ಬರುತ್ತವೆ, ಆದ್ದರಿಂದ ಕಳ್ಳತನವೂ ಹಾಗೆಯೇ ಬರುತ್ತಿರಬೇಕು ಎಂದು ತರ್ಕಿಸಿ ಬ್ರಿಟಿಷ್ ಸರ್ಕಾರವು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಜಾರಿಗೆ ತಂದಿತು. 1911ರ ಕಾಯಿದೆಯಿಂದ ಅದು ಬ್ರಿಟಿಷ್ ಭಾರತಕ್ಕೆಲ್ಲ ಹಬ್ಬಿತು. ಎತ್ತು ಕತ್ತೆಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಊರೂರು ಸುತ್ತಿ ಮಾರುತ್ತಿದ್ದ ಅಲೆಮಾರಿಗಳು ರೈಲು ಬಂದಮೇಲೆ ವ್ಯಾಪಾರ ಕಳೆದುಕೊಂಡಿದ್ದರು. ಅಂಥವರೂ ಈ ಪಟ್ಟಿಯಲ್ಲಿ ಸೇರಿದರು. ತಾನು ಏನನ್ನೂ ಕದಿಯದಿದ್ದರೂ, ಆ ಕುಲದಲ್ಲಿ ಹುಟ್ಟಿದ ಕಾರಣಕ್ಕೆ ಒಬ್ಬನು ಪೋಲೀಸರ ಮುಂದೆ ಹಾಜರಿ ಹಾಕಬೇಕಾಗಿತ್ತು. ಅಪ್ಪಣೆಯಿಲ್ಲದೆ ಊರು ಬಿಡುವಂತಿರಲಿಲ್ಲ. ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಇಂಥವರನ್ನಿರಿಸಲು ವಸತಿಗಳು ಏರ್ಪಟ್ಟವು.

ಈ ಕಾನೂನಿನೊಳಗೇ ಒಂದು ವಿಚಿತ್ರವಿತ್ತು. 1897ರ ತಿದ್ದುಪಡಿಯು 4ರಿಂದ 18 ವರ್ಷದ ಮಕ್ಕಳನ್ನು ತಂದೆತಾಯಿಗಳಿಂದ ಅಗಲಿಸಿ ಬೇರೆಡೆ ಇರಿಸಿ ತಿದ್ದಬಹುದೆಂದಿತು. ಅಪರಾಧವು ರಕ್ತದಲ್ಲಿದ್ದರೆ ಅಗಲಿಸಿ ಫಲವೇನು? ಅಗಲಿಸಿದರೆ ಮಕ್ಕಳು ಬದಲಾಗುವರೆಂದಾದರೆ ಅದು ರಕ್ತದಲ್ಲಿತ್ತೆಂದು ಹೇಳುವುದು ಹೇಗೆ? ಕಾಯಿದೆಯನ್ನು ಬರೆದವರಿಗೆ ಈ ಪ್ರಶ್ನೆ ಹೊಳೆಯಲಿಲ್ಲವೋ, ಹೊಳೆದರೂ ಬೇಡವಾಯಿತೋ. ಮಕ್ಕಳು ಮಾತ್ರ ತಾಯಂದಿರಿಂದ ದೂರವಾದರು.

1952ರ ಆಗಸ್ಟ್ 31ರಂದು ಸ್ವತಂತ್ರ ಭಾರತವು ಈ ಕಾಯಿದೆಯನ್ನು ರದ್ದುಗೊಳಿಸಿತು. ಪಟ್ಟಿಯಲ್ಲಿದ್ದ ಜನರು ವಿಮುಕ್ತರೆಂಬ ಹೆಸರು ಪಡೆದರು. ಹುಬ್ಬಳ್ಳಿಯ ವಸತಿಯಲ್ಲಿ ಹಾಜರಿ ನಿಂತುಹೋಯಿತು. ಆ ಬಡಾವಣೆಯನ್ನು ಊರ ಜನರು ಇಂದಿಗೂ ‘ಸೆಟ್ಲಮೆಂಟ್’ ಎಂದೇ ಕರೆಯುತ್ತಾರೆ.