ಬಂಧಾರದ ನೀರಲ್ಲಿ ಈಜಬಹುದೇ?

ಪ್ರಶ್ನೆ: ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ, ಇಚಲಕರಂಜಿ ಕಡೆ ಬಂಧಾರದ (ನದಿಗೆ ಅಡ್ಡ ಕಟ್ಟಿದ ಒಡ್ಡಿನ) ಹಿನ್ನೀರು ಕೆರೆಯಂತೆ ಶಾಂತವಾಗಿರುತ್ತದೆ. ಈಜು ಬಲ್ಲವರಿಗೂ ಅಲ್ಲಿ ಅಪಾಯವೇಕೆ?

ಉತ್ತರ: ಹಿರಣ್ಯಕೇಶಿ, ಪಂಚಗಂಗಾ ನದಿಗಳಲ್ಲಿ ‘ಕೊಲ್ಹಾಪುರ ಮಾದರಿ’ ಬಂಧಾರಗಳಿವೆ. ಮಳೆಗಾಲ ಮುಗಿದ ಮೇಲೆ ಕಂಬಗಳ ನಡುವೆ ಹಲಗೆ ಇಳಿಸಿ ನೀರು ನಿಲ್ಲಿಸುತ್ತಾರೆ. ಮುಂಗಾರಿಗೆ ಮುನ್ನ ತೆಗೆಯುತ್ತಾರೆ. ಮೇಲ್ಗಡೆ ನೀರು ನಿಂತಂತೆ ಕಂಡರೂ, ಹಲಗೆ ಸರಿದ ಕಿಂಡಿ ತಳದಲ್ಲಿ ಬಲವಾಗಿ ಸೆಳೆಯುತ್ತದೆ. ಅಲ್ಲಿ ಕಾಲು ಸಿಕ್ಕಿದರೆ ಬಿಡಿಸಿಕೊಳ್ಳುವುದು ಬಹಳ ಕಷ್ಟ. ಕೆಳಗಡೆ ಧುಮುಕಿದ ನೀರು ತಿರುಗಿ ಗೋಡೆಯತ್ತಲೇ ಎಳೆಯುತ್ತದೆ. ನೊರೆಯಲ್ಲಿ ಗಾಳಿ ಹೆಚ್ಚು, ಆದ್ದರಿಂದ ದೇಹ ತೇಲುವುದು ಕಡಿಮೆ; ಲೈಫ್ ಜಾಕೆಟ್ ಕೂಡ ಅಲ್ಲಿ ಪೂರ್ಣ ರಕ್ಷಣೆಯಲ್ಲ.

ಹಾಗಾಗಿ ಬಂಧಾರದ ಎರಡೂ ಬದಿಯಿಂದ ದೂರವಿರಿ. ಕೆರೆಯಲ್ಲಾದರೂ ಒಬ್ಬರೇ ಇಳಿಯಬೇಡಿ. ದಡದ ಉದ್ದಕ್ಕೆ ಈಜಿ, ನಡುನೀರಿಗೆ ಹೋಗಬೇಡಿ. ಆಳ ತಿಳಿಯದೆ ತಲೆಕೆಳಗಾಗಿ ಹಾರಬೇಡಿ. ದೋಣಿ, ತೆಪ್ಪ ಏರುವಾಗ ಜಾಕೆಟ್ ಬಿಗಿದುಕೊಳ್ಳಿ. ಯಾರಾದರೂ ಮುಳುಗುತ್ತಿದ್ದರೆ ಹಗ್ಗ, ಬಿದಿರು ಅಥವಾ ಮುಚ್ಚಿದ ಖಾಲಿ ಕ್ಯಾನ್ ಕೊಡಿ, 112ಕ್ಕೆ ಕರೆ ಮಾಡಿ. ಉಸಿರು ನಿಂತವರಿಗೆ ಬಾಯಿಂದ ಉಸಿರು ಕೊಟ್ಟು ಎದೆ ಒತ್ತುವುದನ್ನು ಪ್ರತಿ ಊರಿನ ಕೆಲವರಾದರೂ ಕಲಿತಿರಬೇಕು.

2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಈಜಿದ ವೀರಧವಳ ಖಾಡೆ ಕೊಲ್ಹಾಪುರದವರು. ಅವರಂತೆ ಈ ಸೀಮೆಯ ಮಕ್ಕಳೆಲ್ಲ ಈಜು ಕಲಿಯಲಿ. ಆದರೆ ಮೊದಲು ತರಬೇತುದಾರರಿರುವ ಕೊಳದಲ್ಲಿ ಕಲಿಯಲಿ.