ಕಣ್ಣಿನ ನರದ ಬಾವು



ಕಣ್ಣು ಮಂಜಾಯಿತೆಂದರೆ ನಮ್ಮ ಹಳ್ಳಿಗಳಲ್ಲಿ ಮೊದಲು ಬರುವ ಮಾತು 'ಪೊರೆ ಬಂದಿದೆ' ಎಂಬುದು. ಮುದುಕರ ವಿಷಯದಲ್ಲಿ ಇದು ಬಹುಮಟ್ಟಿಗೆ ನಿಜ. ಪೊರೆ ತಿಂಗಳು, ವರ್ಷಗಳ ಮೇಲೆ ಬಲಿಯುತ್ತದೆ. ಆದರೆ 20ರಿಂದ 40 ವರ್ಷದವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಕೆಲವೇ ದಿನಗಳಲ್ಲಿ ಒಂದು ಕಣ್ಣು ಮಂಕಾದರೆ ಕಣ್ಣಿನ ನರಕ್ಕೆ ಬಾವು ಬಂದಿರಬಹುದು.

ಕಣ್ಣು ಹಿಡಿದ ಚಿತ್ರವನ್ನು ಮಿದುಳಿಗೆ ಒಯ್ಯುವುದು ಈ ನರ. ಪಂಪ್‌ಸೆಟ್ಟಿನ ತಂತಿಗೆ ರಬ್ಬರಿನ ಹೊದಿಕೆ ಇರುವಂತೆ ಇದಕ್ಕೂ ಒಂದು ಹೊದಿಕೆಯುಂಟು. ರೋಗವನ್ನು ತಡೆಯಬೇಕಾದ ದೇಹದ ಶಕ್ತಿಯೇ ದಾರಿ ತಪ್ಪಿ ಆ ಹೊದಿಕೆಯ ಮೇಲೆ ಬಿದ್ದಾಗ ಬಾವು ಬರುತ್ತದೆ. ಕಣ್ಣು ಕೆಂಪಾಗದು, ಗೀಜು ಬಾರದು. ನೋಡಿದವರಿಗೆ ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ ಸೊಸೆ ಕೆಲಸಕ್ಕೆ ನೆಪ ಹೇಳುತ್ತಾಳೆಂದು ತಿಳಿಯುವ ಮನೆಗಳೂ ಇವೆ! ಇದು ಸಲ್ಲದು.

ಕಣ್ಣು ಹೊರಳಿಸಿದರೆ ನೋವು, ಬಣ್ಣ ಮಾಸಿದಂತೆ ಕಾಣುವುದು ಇದರ ಗುರುತು. ಒಂದು ಕೆಂಪು ಒಣಮೆಣಸಿನಕಾಯಿ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿರಿ. ಬಾವು ಬಂದ ಕಣ್ಣಿಗೆ ಅದು ತೊಳೆದು ತೊಳೆದು ಬಣ್ಣಗೆಟ್ಟ ಸೀರೆಯಂತೆ ಕಾಣುತ್ತದೆ. ಕುಷ್ಟಗಿ, ಯಲಬುರ್ಗಾದ ಬಿರುಬಿಸಿಲಲ್ಲಿ ಕಳೆ ತೆಗೆಯುವಾಗ, ಅಥವಾ ಬಿಸಿನೀರು ಹಾಕಿಕೊಂಡಾಗ ದೃಷ್ಟಿ ಇನ್ನಷ್ಟು ಮಂಕಾಗಿ, ಮೈ ತಣಿದ ಮೇಲೆ ತಿಳಿಯಾಗುವುದೂ ಉಂಟು.

ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ದೃಷ್ಟಿ ಮರಳತೊಡಗುತ್ತದೆ. ಹಾಗಾದರೆ ಅವಸರವೇಕೆ ಎನ್ನುವಿರಾ? ಇದೇ ಬಾವಿನ ಕೆಲವು ಬಗೆಗಳು ತಡಮಾಡಿದರೆ ಕಣ್ಣನ್ನೇ ಕಳೆಯುತ್ತವೆ, ಬೆನ್ನುಹುರಿಗೂ ತಗಲುತ್ತವೆ. ಯಾವ ಬಗೆಯೆಂಬುದನ್ನು ವೈದ್ಯರೇ ಪರೀಕ್ಷಿಸಿ ಹೇಳಬೇಕು. ಸೊಪ್ಪಿನ ರಸ, ಎದೆಹಾಲು ಕಣ್ಣಿಗೆ ಬಿಟ್ಟರೆ ಹಿಂದಿರುವ ನರಕ್ಕೆ ತಲುಪದು. ಅಂಗಡಿಯ ಸ್ಟಿರಾಯ್ಡ್ ಗುಳಿಗೆಯೂ ಬೇಡ. ಅಮೆರಿಕದ 15 ಆಸ್ಪತ್ರೆಗಳಲ್ಲಿ 457 ರೋಗಿಗಳನ್ನು ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದ ವರದಿಯಂತೆ, ರಕ್ತನಾಳಕ್ಕೆ ಕೊಟ್ಟ ಸ್ಟಿರಾಯ್ಡ್ ದೃಷ್ಟಿಯನ್ನು ಬೇಗ ಮರಳಿಸಿತು; ಸಾಮಾನ್ಯ ಪ್ರಮಾಣದ ಬರಿಯ ಗುಳಿಗೆ ನುಂಗಿದವರಿಗೆ ರೋಗ ಮರುಕಳಿಸಿದ್ದೇ ಹೆಚ್ಚು.

ಎರಡೂ ಕಣ್ಣು ಒಟ್ಟಿಗೆ ಒಂದೆರಡು ದಿನದಲ್ಲಿ ಮಂಜಾದರೆ, ಕಳ್ಳಭಟ್ಟಿ ಕುಡಿದಿದ್ದನ್ನು ಮುಚ್ಚಿಡಬೇಡಿರಿ. ಅದರಲ್ಲಿ ಬೆರೆತ ಮಿಥೈಲ್ ಮದ್ಯಸಾರವು ಬಾವಿಲ್ಲದೆಯೇ ನರವನ್ನು ಸುಡುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನರನ್ನು ಕೊಂದದ್ದು ಇದೇ ವಿಷ. ಬದುಕಿ ಉಳಿದವರಿಗೂ ದೃಷ್ಟಿ ಹೋಗುವುದುಂಟು.

ಕೊಪ್ಪಳದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಅಥವಾ ಬಳ್ಳಾರಿಗೆ ಹೋದಾಗ, ನೋಟ ಮಂಕಾದ ದಿನವನ್ನೂ ನುಂಗುತ್ತಿರುವ ಔಷಧಿಗಳನ್ನೂ ಹೇಳಿರಿ. ಕ್ಷಯರೋಗಕ್ಕೆ ಕೊಡುವ ಎಥಾಂಬುಟಾಲ್ ಗುಳಿಗೆಯೂ ಕೆಲವರ ಕಣ್ಣಿನ ನರವನ್ನು ಕೆಡಿಸುತ್ತದೆ. ಅದನ್ನು ನುಂಗುತ್ತಿರುವವರು ನೋಟ ಮಂಕಾದ ದಿನವೇ ವೈದ್ಯರಿಗೆ ತಿಳಿಸಬೇಕು.